ಮಾಲೀಕರಿಗೂ ಒಬ್ಬ ಕೋಚ್: ನೇಮಿಸಿಕೊಳ್ಳುವ ಮುನ್ನ ಯೋಚಿಸಬೇಕಾದ ಸಂಗತಿಗಳು

ನಮ್ಮ ನಾಡಿನಲ್ಲಿ ಕೋಚ್ ಎಂದೊಡನೆ ನೆನಪಿಗೆ ಬರುವವರು ಇಬ್ಬರು. ಒಬ್ಬರು ಕ್ರೀಡಾಂಗಣದಲ್ಲಿ ಆಟಗಾರರನ್ನು ತಿದ್ದುವವರು; ಮತ್ತೊಬ್ಬರು ಪ್ರವೇಶ ಪರೀಕ್ಷೆಗಳಿಗೆ ವಿದ್ಯಾರ್ಥಿಗಳನ್ನು ಸಜ್ಜುಗೊಳಿಸುವ ಕೋಚಿಂಗ್ ಕೇಂದ್ರದವರು. ವ್ಯವಹಾರ ನಡೆಸುವವರಿಗೂ ಕೋಚ್ ಇರಬಹುದೆಂಬ ವಿಚಾರವು ಮೊದಲು ದೊಡ್ಡ ಕಂಪನಿಗಳ ಮೂಲಕ ನಮ್ಮಲ್ಲಿಗೆ ಬಂದಿತು. ಈಗ ಅದು ಸಣ್ಣ ಉದ್ದಿಮೆದಾರರ ಹಾಗೂ ಸಗಟು ವರ್ತಕರ ಬಾಗಿಲಿಗೂ ತಲುಪಿದೆ. ಎಕ್ಸಿಕ್ಯೂಟಿವ್ ಕೋಚ್, ಬಿಸಿನೆಸ್ ಕೋಚ್, ಲೀಡರ್‌ಶಿಪ್ ಕೋಚ್ ಎಂಬ ನಾನಾ ಹೆಸರುಗಳಲ್ಲಿ ಕರೆಗಳು ಬರುತ್ತಿವೆ. ಕಾರ್ಯಾಗಾರಗಳ ಆಮಂತ್ರಣ ಪತ್ರಗಳೂ ಬರುತ್ತಿವೆ. ಇವರಿಂದ ನಿಜವಾದ ಪ್ರಯೋಜನವುಂಟೇ? ಉಂಟೆಂದಾದರೆ ಎಂಥವರನ್ನು, ಯಾವ ಷರತ್ತುಗಳ ಮೇಲೆ ನೇಮಿಸಿಕೊಳ್ಳಬೇಕು? ಹಣ ಕೊಟ್ಟ ಮೇಲೆ ಫಲ ದೊರೆಯಿತೇ ಇಲ್ಲವೇ ಎಂದು ಅಳೆಯುವುದು ಹೇಗೆ? ಈ ಮೂರು ಪ್ರಶ್ನೆಗಳನ್ನು ಸಣ್ಣ ಉದ್ದಿಮೆಯ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕೋಚ್ ಎಂದರೆ ಯಾರು?

ಮೊದಲು ಹೆಸರುಗಳ ಗೊಂದಲವನ್ನು ಬಿಡಿಸಿಕೊಳ್ಳುವುದು ಲೇಸು. ಸಲಹೆಗಾರರು ನಮ್ಮ ಸಮಸ್ಯೆಯನ್ನು ಅಧ್ಯಯನ ಮಾಡಿ ಪರಿಹಾರವನ್ನು ಸೂಚಿಸುತ್ತಾರೆ. ತರಬೇತುದಾರರು ನಮಗೆ ತಿಳಿಯದ ವಿದ್ಯೆಯೊಂದನ್ನು ಕಲಿಸುತ್ತಾರೆ. ಮಾರ್ಗದರ್ಶಕರು ಅದೇ ಕಸುಬಿನಲ್ಲಿ ಹಣ್ಣಾದ ಹಿರಿಯರಾಗಿದ್ದು, ತಮ್ಮ ಅನುಭವವನ್ನು ಹಂಚಿಕೊಳ್ಳುತ್ತಾರೆ. ಕೋಚ್ ಇವರಾರ ಕೆಲಸವನ್ನೂ ಮಾಡುವುದಿಲ್ಲ. ವ್ಯವಹಾರವನ್ನು ನಡೆಸುವ ವ್ಯಕ್ತಿಯೇ ಅವರ ಕೆಲಸದ ವಸ್ತು. ಆ ವ್ಯಕ್ತಿ ನಿರ್ಧಾರ ಕೈಗೊಳ್ಳುವ ಬಗೆ, ಕೈಕೆಳಗಿನವರೊಡನೆ ಮಾತನಾಡುವ ರೀತಿ, ಸಮಯವನ್ನು ವ್ಯಯಿಸುವ ಕ್ರಮ, ಮುಂದೂಡುತ್ತ ಬಂದಿರುವ ಕೆಲಸಗಳು, ಇವೆಲ್ಲವನ್ನೂ ಪ್ರಶ್ನೆಗಳ ಮೂಲಕ ಅವರ ಗಮನಕ್ಕೆ ತಂದು, ಅವರೇ ಕೈಗೊಂಡ ತೀರ್ಮಾನವನ್ನು ಅವರಿಂದಲೇ ಪಾಲಿಸುವಂತೆ ಮಾಡುವುದು ಕೋಚ್‌ನ ಕರ್ತವ್ಯ.

ಈ ಪದ್ಧತಿಯ ಬೇರು ಇರುವುದು ಆಟದ ಅಂಗಳದಲ್ಲಿ. ಅಮೆರಿಕದ ಟೆನಿಸ್ ಶಿಕ್ಷಕ ಟಿಮೊಥಿ ಗಾಲ್ವೆ ಅವರು 1974ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆಟಗಾರನಿಗೆ ಆದೇಶಗಳ ಮೇಲೆ ಆದೇಶ ಕೊಡುವುದಕ್ಕಿಂತ, ಅವನು ತನ್ನ ಆಟವನ್ನು ತಾನೇ ಗಮನಿಸುವಂತೆ ಮಾಡುವುದು ಹೆಚ್ಚು ಫಲಕಾರಿಯೆಂದು ಪ್ರತಿಪಾದಿಸಿದರು. ಕಾರ್ ರೇಸಿನ ಚಾಲಕರಾಗಿದ್ದ ಬ್ರಿಟನ್ನಿನ ಜಾನ್ ವಿಟ್‌ಮೋರ್ ಅವರು 1992ರ ತಮ್ಮ ಪುಸ್ತಕದ ಮೂಲಕ ಈ ವಿಚಾರವನ್ನು ವ್ಯವಹಾರ ಕ್ಷೇತ್ರದಲ್ಲಿ ಪ್ರಚುರಪಡಿಸಿದರು. ಗುರಿಯೇನು, ಈಗಿನ ವಾಸ್ತವ ಸ್ಥಿತಿಯೇನು, ಇರುವ ದಾರಿಗಳು ಯಾವುವು, ಖಚಿತವಾಗಿ ಮಾಡುವುದೇನು ಎಂಬ ನಾಲ್ಕು ಹಂತಗಳ 'ಗ್ರೋ' ಕ್ರಮವನ್ನು ಇಂದಿಗೂ ಬಹುಪಾಲು ಕೋಚ್‌ಗಳು ಒಂದಿಲ್ಲೊಂದು ರೂಪದಲ್ಲಿ ಅನುಸರಿಸುತ್ತಾರೆ.

ದೀಪದ ಬುಡದಲ್ಲಿ ಕತ್ತಲೆ

ನುರಿತವರಿಗೆ ಕೋಚ್ ಏಕೆ ಬೇಕು ಎಂಬ ಪ್ರಶ್ನೆ ಸಹಜ. ಇದಕ್ಕೆ ಭಾರತೀಯ ಮೂಲದ ಅಮೆರಿಕನ್ ಶಸ್ತ್ರವೈದ್ಯ ಅತುಲ್ ಗವಾಂಡೆ ಅವರು 2011ರಲ್ಲಿ ಬರೆದ ಲೇಖನದಲ್ಲಿ ಉತ್ತರವಿದೆ. ಎಂಟು ವರ್ಷ ಸ್ವತಂತ್ರವಾಗಿ ಶಸ್ತ್ರಚಿಕಿತ್ಸೆ ನಡೆಸಿದ ಬಳಿಕ ತಮ್ಮ ಪ್ರಗತಿ ಒಂದು ಹಂತದಲ್ಲಿ ನಿಂತುಬಿಟ್ಟಿದೆಯೆಂದು ಅವರಿಗೆ ಅನ್ನಿಸಿತು. ತಮಗೆ ಹಿಂದೆ ಕಲಿಸಿದ್ದ ನಿವೃತ್ತ ಶಸ್ತ್ರವೈದ್ಯರೊಬ್ಬರನ್ನು ಆಪರೇಷನ್ ಕೋಣೆಗೆ ಕರೆದು, ತಮ್ಮ ಕೆಲಸವನ್ನು ನೋಡುವಂತೆ ಕೋರಿದರು. ಆ ದಿನದ ಚಿಕಿತ್ಸೆ ಸುಸೂತ್ರವಾಗಿ ನಡೆಯಿತೆಂದೇ ಗವಾಂಡೆ ಭಾವಿಸಿದ್ದರು. ಆದರೆ ಹಿರಿಯರ ಟಿಪ್ಪಣಿಯಲ್ಲಿ ಹಲವು ಅಂಶಗಳಿದ್ದವು. ದೀಪದ ಬೆಳಕು ಸರಿದುಹೋಗಿದ್ದು, ಸುಮಾರು ಅರ್ಧ ಗಂಟೆ ಅದು ಗಾಯದ ಮೇಲೆ ನೇರವಾಗಿ ಬೀಳುತ್ತಿರಲಿಲ್ಲ. ಕೆಲಸ ಮಾಡುವಾಗ ಮೊಣಕೈ ಮೇಲಕ್ಕೆ ಏರುತ್ತಿತ್ತು. ರೋಗಿಗೆ ಹೊದಿಸಿದ ಬಟ್ಟೆಯ ವ್ಯವಸ್ಥೆ ಗವಾಂಡೆಯವರಿಗೆ ಅನುಕೂಲವಾಗಿದ್ದರೂ, ಎದುರು ನಿಂತ ಸಹಾಯಕರ ಕೈ ಆಡದಂತಿತ್ತು.

ಕೊನೆಯ ಅಂಶವನ್ನು ನಮ್ಮ ವರ್ತಕರು ವಿಶೇಷವಾಗಿ ಗಮನಿಸಬೇಕು. ಯಜಮಾನನಿಗೆ ಅನುಕೂಲವಾಗಿರುವ ಏರ್ಪಾಟಿನಿಂದಲೇ ಸಹಾಯಕನ ಕೈ ಕಟ್ಟಿಹೋಗಬಹುದು, ಮತ್ತು ಸಹಾಯಕನು ಅದನ್ನು ತಾನಾಗಿ ಹೇಳುವುದಿಲ್ಲ.

ಗೂಗಲ್ ಸಂಸ್ಥೆಯ ಮುಖ್ಯಸ್ಥರಾಗಿ 2001ರಲ್ಲಿ ಅಧಿಕಾರ ವಹಿಸಿಕೊಂಡ ಎರಿಕ್ ಶ್ಮಿಟ್ ಅವರಿಗೂ ಕೋಚ್ ಒಬ್ಬರನ್ನು ಇರಿಸಿಕೊಳ್ಳಿರೆಂಬ ಸಲಹೆ ಮೊದಲಿಗೆ ರುಚಿಸಲಿಲ್ಲ. ಅವರಿಗೆ ಕೋಚ್ ಆಗಿ ಬಂದ ಬಿಲ್ ಕ್ಯಾಂಪ್‌ಬೆಲ್ ಕಂಪ್ಯೂಟರ್ ಎಂಜಿನಿಯರ್ ಆಗಿರಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಕೋಚ್ ಆಗಿದ್ದು, ಆಮೇಲೆ ಉದ್ಯಮಕ್ಕೆ ಬಂದವರು. ಕ್ಯಾಂಪ್‌ಬೆಲ್ 2016ರಲ್ಲಿ ನಿಧನರಾದರು. ಶ್ಮಿಟ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 2019ರಲ್ಲಿ ಕ್ಯಾಂಪ್‌ಬೆಲ್ ಅವರ ಕಾರ್ಯವಿಧಾನವನ್ನು ಕುರಿತೇ ಒಂದು ಪುಸ್ತಕವನ್ನು ಪ್ರಕಟಿಸಿದರು.

ಸಣ್ಣ ಉದ್ದಿಮೆಯ ವಿಶೇಷ ತೊಡಕು

ದೊಡ್ಡ ಕಂಪನಿಗಳ ಉದಾಹರಣೆಯನ್ನು ನಾವು ಹಾಗೆಯೇ ಅನುಕರಿಸಲಾಗದು. ಅದಕ್ಕೆ ಪ್ರಬಲವಾದ ಕಾರಣವೊಂದಿದೆ. ದೊಡ್ಡ ಕಂಪನಿಯಲ್ಲಿ ಕೋಚ್‌ನ ವ್ಯವಹಾರಕ್ಕೆ ಮೂರು ಪಕ್ಷಗಳಿರುತ್ತವೆ: ಕೋಚ್, ಕೋಚಿಂಗ್ ಪಡೆಯುವ ಅಧಿಕಾರಿ, ಮತ್ತು ಹಣ ಕೊಡುವ ಕಂಪನಿ. ಆಡಳಿತ ಮಂಡಳಿಯೋ ಸಿಬ್ಬಂದಿ ವಿಭಾಗವೋ ಗುರಿಯನ್ನು ಗೊತ್ತುಮಾಡಿ, ಆರು ತಿಂಗಳ ಬಳಿಕ ಬದಲಾವಣೆಯಾಯಿತೇ ಎಂದು ವಿಚಾರಿಸುತ್ತದೆ.

ಸ್ವಂತ ಮಾಲೀಕತ್ವದ ಅಂಗಡಿಯಲ್ಲಿ ಅಥವಾ ಕಾರ್ಖಾನೆಯಲ್ಲಿ ಈ ಮೂರನೆಯ ಪಕ್ಷವೇ ಇಲ್ಲ. ಕೋಚಿಂಗ್ ಪಡೆಯುವವರೂ ಮಾಲೀಕರೇ, ಹಣ ಕೊಡುವವರೂ ಮಾಲೀಕರೇ, ಫಲವನ್ನು ತೀರ್ಮಾನಿಸುವವರೂ ಮಾಲೀಕರೇ. ಇಂತಹ ಸನ್ನಿವೇಶದಲ್ಲಿ ಕೋಚ್ ಕಹಿ ಮಾತನ್ನು ಆಡಿದರೆ ಮುಂದಿನ ತಿಂಗಳ ಶುಲ್ಕಕ್ಕೆ ಸಂಚಕಾರ ಬರಬಹುದು. ಸಿಹಿ ಮಾತನಾಡಿದರೆ ಒಡಂಬಡಿಕೆ ಮುಂದುವರಿಯುತ್ತದೆ. ಗುಮಾಸ್ತರು, ಮೇಸ್ತ್ರಿಗಳು, ಸರಕು ಪೂರೈಸುವವರು ಎಲ್ಲರೂ ಈಗಾಗಲೇ ಮಾಲೀಕರ ಮುಖ ನೋಡಿಯೇ ಮಾತನಾಡುವವರು. ದುಬಾರಿ ಶುಲ್ಕ ಪಡೆಯುವ ಕೋಚ್ ಕೂಡ ಆ ಸಾಲಿಗೆ ಸೇರಿದರೆ, ಮಾಲೀಕರು ಹಣ ಕೊಟ್ಟು ಹೊಗಳಿಕೆಯನ್ನು ಕೊಂಡಂತಾಗುತ್ತದೆ. ಆದಕಾರಣ ಸಣ್ಣ ಉದ್ದಿಮೆದಾರರು ಕೋಚ್‌ನನ್ನು ಹುಡುಕುವ ಮೊದಲು, ತಮ್ಮ ಸಂಸ್ಥೆಯಲ್ಲಿ ಇಲ್ಲದ ಆ ಮೂರನೆಯ ಪಕ್ಷವನ್ನು ತಾವೇ ಏರ್ಪಡಿಸಿಕೊಳ್ಳಬೇಕು. ಇದೊಂದು ಕೆಲಸವಾಗದಿದ್ದರೆ ಉಳಿದೆಲ್ಲ ಎಚ್ಚರಿಕೆಗಳೂ ವ್ಯರ್ಥ.

ಮೂರನೆಯ ಪಕ್ಷದ ಏರ್ಪಾಡು

ಅಮೆರಿಕದ ಪ್ರಸಿದ್ಧ ಕೋಚ್ ಮಾರ್ಷಲ್ ಗೋಲ್ಡ್‌ಸ್ಮಿತ್ ಅವರ ಪದ್ಧತಿ ಇಲ್ಲಿ ದಾರಿ ತೋರಬಲ್ಲದು. ಕೋಚಿಂಗ್ ಪಡೆದವರಲ್ಲಿ ಸುಧಾರಣೆ ಕಂಡುಬಂದರೆ ಮಾತ್ರ ಅವರು ಶುಲ್ಕ ಪಡೆಯುತ್ತಿದ್ದರು. ಸುಧಾರಣೆಯಾಗಿದೆಯೆಂದು ಹೇಳಬೇಕಾದವರು ಆ ಅಧಿಕಾರಿಯಲ್ಲ, ಅವರ ಸುತ್ತ ಕೆಲಸ ಮಾಡುವ ಜನರು. ಅವರು ಸಹಲೇಖಕರೊಡನೆ 2004ರಲ್ಲಿ ಪ್ರಕಟಿಸಿದ ಅಧ್ಯಯನವು ಎಂಟು ಕಂಪನಿಗಳ ಸುಮಾರು 86,000 ಮಂದಿಯ ಅಭಿಪ್ರಾಯಗಳನ್ನು ಆಧರಿಸಿತ್ತು. ತಾವು ತಿದ್ದಿಕೊಳ್ಳಬೇಕೆಂದಿರುವ ವಿಷಯವನ್ನು ಸಹೋದ್ಯೋಗಿಗಳಿಗೆ ತಿಳಿಸಿ, ಆಗಾಗ ಅವರನ್ನು ವಿಚಾರಿಸುತ್ತ ಬಂದವರು ಗಮನಾರ್ಹವಾಗಿ ಸುಧಾರಿಸಿದರೆಂದು ಅವರ ಸುತ್ತಲಿನವರು ಅಭಿಪ್ರಾಯಪಟ್ಟಿದ್ದರು. ವಿಚಾರಿಸದೆ ಬಿಟ್ಟವರಲ್ಲಿ ಅಂತಹ ಬದಲಾವಣೆ ಕಂಡುಬಂದಿರಲಿಲ್ಲ.

ಇದನ್ನು ನಮ್ಮ ಪರಿಸರಕ್ಕೆ ಅನ್ವಯಿಸಲು ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಪೀಣ್ಯದಲ್ಲಿ 35 ಮಂದಿ ದುಡಿಯುವ ಯಂತ್ರಭಾಗಗಳ ಘಟಕವೊಂದಿದೆ. ಆರ್ಡರಿಗೆ ಕೊರತೆಯಿಲ್ಲ, ಆದರೆ ಕೊಟೇಷನ್ ಕಳುಹಿಸುವುದು ಹತ್ತು ದಿನ ತಡವಾಗುತ್ತದೆ. ಕಾರಣವಿಷ್ಟೇ: ಪ್ರತಿಯೊಂದು ಕೊಟೇಷನ್ನನ್ನೂ, 5,000 ರೂಪಾಯಿ ಮೀರಿದ ಪ್ರತಿಯೊಂದು ಖರೀದಿಯನ್ನೂ ಮಾಲೀಕರೇ ನೋಡಿ ಸಹಿ ಹಾಕಬೇಕು. 'ಹುಡುಗರಿಗೆ ಜವಾಬ್ದಾರಿಯಿಲ್ಲ' ಎಂಬುದು ಮಾಲೀಕರ ದೂರು. ಕೋಚ್ ಬಂದು ಐವರನ್ನು, ಅಂದರೆ ಸೂಪರ್‌ವೈಸರ್, ಲೆಕ್ಕಪತ್ರದ ಗುಮಾಸ್ತರು, ಖರೀದಿ ನೋಡಿಕೊಳ್ಳುವವರು, ಪಾಲುದಾರರಾದ ತಮ್ಮ ಮತ್ತು ಬಹುಕಾಲದ ಗಿರಾಕಿಯೊಬ್ಬರನ್ನು, ಬೇರೆ ಬೇರೆಯಾಗಿ ಮಾತನಾಡಿಸುತ್ತಾರೆ. ಅಲ್ಲಿ ಹೊರಬೀಳುವ ಸಂಗತಿಯೇ ಬೇರೆ. 'ನಮ್ಮ ಸಾರ್ ಅಭಿಪ್ರಾಯ ಕೇಳುತ್ತಾರೆ ನಿಜ, ಆದರೆ ನಾವು ಬಾಯಿ ತೆರೆಯುವಷ್ಟರಲ್ಲಿ ಅವರೇ ಉತ್ತರವನ್ನೂ ಕೊಟ್ಟುಬಿಡುತ್ತಾರೆ' ಎಂಬುದು ಒಟ್ಟು ಸಾರಾಂಶ.

ಈಗ ಗುರಿ ಸ್ಪಷ್ಟವಾಗುತ್ತದೆ. 'ನಾಯಕತ್ವ ಬೆಳೆಸಿಕೊಳ್ಳುವುದು' ಎಂಬಂತಹ ತೇಲುಮಾತು ಅಳತೆಗೆ ಸಿಗದು. 'ಎರಡು ಲಕ್ಷದೊಳಗಿನ ಕೊಟೇಷನ್ನುಗಳನ್ನು ಸೂಪರ್‌ವೈಸರ್ ಅವರೇ ಮೂರು ದಿನಗಳೊಳಗೆ ಕಳುಹಿಸಬೇಕು. ಸಭೆಯಲ್ಲಿ ಎಲ್ಲರ ಮಾತು ಮುಗಿಯುವವರೆಗೆ ಮಾಲೀಕರು ತಮ್ಮ ಅಭಿಪ್ರಾಯ ಹೇಳಬಾರದು' ಎಂಬುದು ಅಳತೆಗೆ ಸಿಗುವ ಗುರಿ. ಮೊದಲನೆಯದನ್ನು ಕೊಟೇಷನ್ ರಿಜಿಸ್ಟರ್ ಹೇಳುತ್ತದೆ. ಎರಡನೆಯದನ್ನು ಆ ಐವರು ಹೇಳುತ್ತಾರೆ. ಮಾಲೀಕರು ಪ್ರತಿ ತಿಂಗಳೂ ಅವರನ್ನು ಎರಡೇ ಪ್ರಶ್ನೆ ಕೇಳಿದರೆ ಸಾಕು: ಈ ವಿಷಯದಲ್ಲಿ ಕಳೆದ ತಿಂಗಳಿಗಿಂತ ನಾನು ಬದಲಾಗಿದ್ದೇನೆಯೇ? ಮುಂದಿನ ತಿಂಗಳು ಏನು ಮಾಡಬೇಕು? ಉತ್ತರಕ್ಕೆ ಸಮಜಾಯಿಷಿ ಕೊಡದೆ, ಕೇಳಿಕೊಂಡು ಬರೆದಿಟ್ಟುಕೊಳ್ಳಬೇಕು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಐದೇ ಮಂದಿಯಿರುವಲ್ಲಿ ಹೆಸರು ಬರೆಯದ ಕಾಗದವೂ ಗುಟ್ಟಾಗಿ ಉಳಿಯದು. ಕೈಬರಹ ಮತ್ತು ಮಾತಿನ ವರಸೆಯಿಂದಲೇ ಯಾರೆಂದು ತಿಳಿಯುತ್ತದೆ. ಆದ್ದರಿಂದ ಮೊದಲ ಸುತ್ತಿನ ಅಭಿಪ್ರಾಯಗಳನ್ನು ಕೋಚ್ ಬಾಯಿಮಾತಿನಲ್ಲಿ ಸಂಗ್ರಹಿಸಿ, ಒಟ್ಟು ಸಾರಾಂಶವನ್ನಷ್ಟೇ ತಮ್ಮ ಭಾಷೆಯಲ್ಲಿ ಮಾಲೀಕರಿಗೆ ತಿಳಿಸಬೇಕು. ನಿಜ ನುಡಿದ ನೌಕರನಿಗೆ ಆ ವರ್ಷದ ಬೋನಸ್ಸಿನಲ್ಲಿ ಕಡಿತವಾದರೆ, ಆ ಸಂಸ್ಥೆಯಲ್ಲಿ ಮತ್ತೆ ಯಾರೂ ನಿಜ ಹೇಳಲಾರರು. ಮಾಲೀಕರಿಗೆ ಈ ಸಂಯಮ ಸಾಧ್ಯವಿಲ್ಲವೆಂದಾದರೆ ಕೋಚ್‌ನ ಗೋಜಿಗೆ ಹೋಗದಿರುವುದೇ ಒಳಿತು.

ಆಯ್ಕೆ ಮಾಡುವ ಬಗೆ

ನಮ್ಮ ದೇಶದಲ್ಲಿ ಕೋಚ್ ವೃತ್ತಿಗೆ ಕಾನೂನಿನ ಪರವಾನಗಿಯಿಲ್ಲ. ವಕೀಲರಿಗೆ ಮತ್ತು ಲೆಕ್ಕ ಪರಿಶೋಧಕರಿಗೆ ಇರುವಂತೆ ಶಾಸನಬದ್ಧ ಪರಿಷತ್ತೂ ಇಲ್ಲ. ಯಾರು ಬೇಕಾದರೂ ಫಲಕ ತೂಗುಹಾಕಬಹುದು. 1995ರಲ್ಲಿ ಅಮೆರಿಕದಲ್ಲಿ ಆರಂಭವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಎಂಬ ಖಾಸಗಿ ವೃತ್ತಿಸಂಸ್ಥೆಯು ಮೂರು ದರ್ಜೆಯ ಮಾನ್ಯತೆ ನೀಡುತ್ತದೆ. ನಿಗದಿತ ಶಿಕ್ಷಣದ ಜೊತೆಗೆ ಎಸಿಸಿ ದರ್ಜೆಗೆ ಕನಿಷ್ಠ 100 ಗಂಟೆ, ಪಿಸಿಸಿ ದರ್ಜೆಗೆ 500 ಗಂಟೆ, ಎಂಸಿಸಿ ದರ್ಜೆಗೆ 2,500 ಗಂಟೆ ಕೋಚಿಂಗ್ ನಡೆಸಿದ ಅನುಭವ ಬೇಕು. ಮಾನ್ಯತೆಯಿರುವುದು ಶಿಕ್ಷಣ ಮತ್ತು ಅಭ್ಯಾಸಕ್ಕೆ ಸಾಕ್ಷಿಯೇ ಹೊರತು ಫಲಕ್ಕೆ ಖಾತರಿಯಲ್ಲ. ಆದ್ದರಿಂದ ಕನಿಷ್ಠ ಮೂವರನ್ನು ಭೇಟಿ ಮಾಡಿ, ಈ ಕೆಳಗಿನ ಪ್ರಶ್ನೆಗಳನ್ನು ಕೇಳಬೇಕು.

1. ನನ್ನ ಗಾತ್ರದ ಸಂಸ್ಥೆಯ ಮಾಲೀಕರೊಡನೆ ಕೆಲಸ ಮಾಡಿದ್ದೀರಾ? ಅವರ ಒಪ್ಪಿಗೆ ಪಡೆದು, ಅಂತಹ ಇಬ್ಬರೊಡನೆ ನನಗೆ ಮಾತನಾಡಲು ಅವಕಾಶ ಮಾಡಿಕೊಡುವಿರಾ?
2. ನಿಮ್ಮ ಕೋಚಿಂಗ್ ಫಲಿಸದ ಸಂದರ್ಭ ಯಾವುದು? ಏಕೆ ಫಲಿಸಲಿಲ್ಲ? ಒಂದೂ ಇಲ್ಲವೆನ್ನುವವರ ಬಗ್ಗೆ ಜಾಗರೂಕರಾಗಿರಬೇಕು.
3. ನನ್ನ ನೌಕರರನ್ನು ನೀವು ಮಾತನಾಡಿಸುವಿರಾ? ನನ್ನ ಮಾತನ್ನಷ್ಟೇ ಕೇಳಿ ಕೆಲಸ ಮಾಡುತ್ತೇನೆನ್ನುವವರು ಸಣ್ಣ ಉದ್ದಿಮೆಗೆ ಹೊಂದುವುದಿಲ್ಲ.
4. ಯಾವ ಸಂದರ್ಭದಲ್ಲಿ ನನ್ನನ್ನು ಬೇರೆ ತಜ್ಞರ ಬಳಿಗೆ ಕಳುಹಿಸುವಿರಿ?
5. ನೀವು ಸೂಚಿಸುವ ಸಾಫ್ಟ್‌ವೇರ್, ಯಂತ್ರ ಅಥವಾ ಹೂಡಿಕೆಯಲ್ಲಿ ನಿಮಗೆ ಕಮಿಷನ್ ಇದೆಯೇ?

ಆರು ತಿಂಗಳಲ್ಲಿ ವಹಿವಾಟನ್ನು ಇಮ್ಮಡಿಗೊಳಿಸುವ ಭರವಸೆ, ಇಂದೇ ಹಣ ಕಟ್ಟಿದರೆ ಅರ್ಧ ಬೆಲೆ ಎಂಬ ಒತ್ತಾಯ, ಇಡೀ ವರ್ಷದ ಶುಲ್ಕವನ್ನು ಮುಂಗಡವಾಗಿ ಕೇಳುವುದು, ಇವು ಮೂರೂ ಹಿಂದೆ ಸರಿಯಬೇಕಾದ ಲಕ್ಷಣಗಳು. ಭಾಷೆಯ ವಿಷಯವೂ ಗಣನೀಯ. ಇಂಗ್ಲಿಷಿನಲ್ಲಿ ಪಾಂಡಿತ್ಯವಿದ್ದು ಕನ್ನಡದಲ್ಲಿ ಮೇಸ್ತ್ರಿಯನ್ನು ಮಾತನಾಡಿಸಲಾಗದ ಕೋಚ್‌ಗೆ ಕಾರ್ಖಾನೆಯ ಅರ್ಧ ಸತ್ಯ ಕೇಳಿಸುವುದೇ ಇಲ್ಲ.

ಬರವಣಿಗೆಯಲ್ಲಿ ಇರಬೇಕಾದ ಅಂಶಗಳು

ಪರಿಚಯದವರೆಂಬ ಸಂಕೋಚದಿಂದ ಬಾಯಿಮಾತಿನ ಮೇಲೆ ಆರಂಭಿಸುವುದು ನಮ್ಮ ವರ್ತಕರ ರೂಢಿ. ಎರಡು ಪುಟಗಳ ಒಪ್ಪಂದ ಪತ್ರವೊಂದು ಇಬ್ಬರಿಗೂ ಕ್ಷೇಮ. ಅದರಲ್ಲಿ ಗುರಿ ಮತ್ತು ಅಳತೆ, ಸಭೆಗಳ ಸಂಖ್ಯೆ ಮತ್ತು ಅವಧಿ, ಅಭಿಪ್ರಾಯ ನೀಡುವವರ ಹೆಸರು, ಶುಲ್ಕದ ಕಂತುಗಳು, ರದ್ದಾದ ಸಭೆಯ ನಿಯಮ, ಗೋಪ್ಯತೆ ಮತ್ತು ಮುಕ್ತಾಯದ ದಿನಾಂಕ ಇರಬೇಕು. ಎರಡನೆಯ ಸಭೆಯ ಬಳಿಕ ಯಾವ ಪಕ್ಷವಾದರೂ ಕಾರಣ ಕೊಡದೆ ಹಿಂದೆ ಸರಿಯಬಹುದೆಂಬ ಷರತ್ತು ಇರಲಿ. ಕೊನೆಯ ಕಂತನ್ನು ಅಭಿಪ್ರಾಯದ ಕೊನೆಯ ಸುತ್ತು ಮುಗಿದ ನಂತರವೇ ಕೊಡುವುದು ಉಚಿತ.

ಗೋಪ್ಯತೆಯ ಮಿತಿಯನ್ನೂ ತಿಳಿದಿರಬೇಕು. ವಕೀಲರೊಡನೆ ಕಕ್ಷಿದಾರರು ನಡೆಸುವ ಮಾತುಕತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರಲ್ಲಿ ವಿಶೇಷ ರಕ್ಷಣೆಯಿದೆ. ಕೋಚ್‌ನೊಡನೆ ಆಡಿದ ಮಾತಿಗೆ ಅಂತಹ ರಕ್ಷಣೆಯಿಲ್ಲ. ಇರುವುದು ಒಪ್ಪಂದದ ಬಲ ಮಾತ್ರ. ತೆರಿಗೆ ವಿವಾದ, ಪಾಲುದಾರರ ಮೇಲಿನ ವ್ಯಾಜ್ಯ ಮುಂತಾದ ವಿಷಯಗಳನ್ನು ವಕೀಲರ ಮುಂದೆಯೇ ಇಡುವುದು ಸುರಕ್ಷಿತ.

ಖರ್ಚಿನ ಲೆಕ್ಕವನ್ನು ಮೊದಲೇ ಹಾಕಬೇಕು. ಒಂದು ಸಭೆಗೆ 8,000 ರೂಪಾಯಿಯಂತೆ 10 ಸಭೆಗಳೆಂದು ಇಟ್ಟುಕೊಂಡರೆ 80,000 ರೂಪಾಯಿ. ಕೋಚ್ ಜಿಎಸ್‌ಟಿ ನೋಂದಣಿ ಹೊಂದಿದ್ದರೆ ಶೇ. 18ರಂತೆ 14,400 ಸೇರಿ 94,400 ರೂಪಾಯಿ ಆಗುತ್ತದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವ ವರ್ತಕರಿಗೆ ಈ ತೆರಿಗೆಯ ಹೂಡುವಳಿ ಜಮೆ ದೊರೆಯುವುದಿಲ್ಲವಾದ್ದರಿಂದ ಅವರಿಗೆ ಪೂರ್ತಿ ಮೊತ್ತವೂ ಖರ್ಚೇ. ಮೂಲದಲ್ಲಿ ತೆರಿಗೆ ಕಡಿತದ ಬಗ್ಗೆ ಆಡಿಟರನ್ನು ವಿಚಾರಿಸಬೇಕು. ಇದರೊಂದಿಗೆ ಮಾಲೀಕರ ಸ್ವಂತ ಸಮಯವನ್ನೂ ಸೇರಿಸಿ, ಮೇಲಿನ ಉದಾಹರಣೆಯ ಘಟಕಕ್ಕೆ ತಡವಾದ ಕೊಟೇಷನ್ನುಗಳಿಂದ ವರ್ಷಕ್ಕೆ ಆಗುತ್ತಿರುವ ನಷ್ಟದೊಡನೆ ಹೋಲಿಸಿದರೆ, ಈ ವೆಚ್ಚ ಸಾರ್ಥಕವೇ ಎಂಬುದು ಕಾಗದದ ಮೇಲೆಯೇ ತಿಳಿಯುತ್ತದೆ.

ಮಗನಿಗೆ ಅಥವಾ ಮ್ಯಾನೇಜರಿಗೆ ಕೋಚ್

ಮಾಲೀಕರು ತಮಗಲ್ಲದೆ, ವ್ಯಾಪಾರಕ್ಕೆ ಇಳಿಯುತ್ತಿರುವ ಮಗ ಅಥವಾ ಮಗಳಿಗೆ, ಇಲ್ಲವೇ ಹಿರಿಯ ಮ್ಯಾನೇಜರಿಗೆ ಕೋಚ್ ನೇಮಿಸುವುದೂ ಉಂಟು. ಇಲ್ಲಿ ಮೂರು ಪಕ್ಷಗಳು ತಾವಾಗಿಯೇ ಇವೆ. ಅಪಾಯ ಬೇರೆ ಬಗೆಯದು. 'ಹಣ ನನ್ನದು, ಒಳಗೆ ಏನು ಮಾತಾಯಿತು ಹೇಳಿ' ಎಂದು ತಂದೆ ಕೋಚ್‌ನನ್ನು ಕೇಳಿದ ದಿನವೇ ಕೋಚಿಂಗ್ ಮುಗಿದಂತೆ. ಗುರಿ ಏನು, ಸಭೆಗಳು ನಡೆಯುತ್ತಿವೆಯೇ, ಅಳತೆ ಎಲ್ಲಿಗೆ ಬಂದಿದೆ ಎಂಬುದನ್ನು ತಿಳಿಯುವ ಹಕ್ಕು ಹಣ ಕೊಟ್ಟವರಿಗೆ ಇದೆ. ಮಾತುಕತೆಯ ವಿವರ ಆ ಇಬ್ಬರದೇ. ಈ ಗಡಿಯನ್ನು ಮೂವರೂ ಕುಳಿತ ಮೊದಲ ಸಭೆಯಲ್ಲೇ ಎಳೆದು, ಒಪ್ಪಂದದಲ್ಲಿ ಬರೆಯಬೇಕು. 'ಅಪ್ಪಾಜಿ ಇರುವ ತನಕ ಗಲ್ಲಾಪೆಟ್ಟಿಗೆಯ ಬೀಗದ ಕೈ ನನಗೆ ಬರುವುದಿಲ್ಲ' ಎಂಬ ಮಗನ ಕೊರಗು ಸಭೆಯಲ್ಲಿ ಹೊರಬಿದ್ದರೆ, ಅದನ್ನು ತಂದೆಗೆ ಮುಟ್ಟಿಸುವುದು ಕೋಚ್‌ನ ಕೆಲಸವಲ್ಲ. ಮಗನೇ ತಂದೆಯೊಡನೆ ಆ ಮಾತನ್ನು ಮರ್ಯಾದೆಯಿಂದ ಆಡುವಂತೆ ಸಿದ್ಧಪಡಿಸುವುದು ಅವರ ಕೆಲಸ. ತೆಗೆದುಹಾಕಬೇಕೆಂದು ಈಗಾಗಲೇ ನಿಶ್ಚಯಿಸಿರುವ ಮ್ಯಾನೇಜರಿಗೆ, ದಾಖಲೆಗಾಗಿ ಕೋಚ್ ನೇಮಿಸುವುದು ಇಬ್ಬರಿಗೂ ಮಾಡುವ ವಂಚನೆ.

ಕೋಚ್ ಬೇಡವಾದ ಸಂದರ್ಭಗಳು

ಉದ್ರಿ ಬಾಕಿ ವಸೂಲಾಗದೆ ಬ್ಯಾಂಕಿನ ಕಂತು ತಪ್ಪುತ್ತಿದ್ದರೆ ಮೊದಲು ಬೇಕಾದವರು ಆಡಿಟರು ಮತ್ತು ಬ್ಯಾಂಕಿನ ಅಧಿಕಾರಿ. ತಯಾರಾದ ಸರಕಿನಲ್ಲಿ ರಿಜೆಕ್ಷನ್ ಹೆಚ್ಚಿದ್ದರೆ ಬೇಕಾದವರು ತಾಂತ್ರಿಕ ಸಲಹೆಗಾರರು. ಕೇಂದ್ರ ಸರ್ಕಾರ 2023ರಲ್ಲಿ ಹೊಸ ರೂಪದಲ್ಲಿ ಆರಂಭಿಸಿದ ಲೀನ್ ಯೋಜನೆಯಂತಹ ನೆರವಿನ ಬಗ್ಗೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಬಹುದು. ಅಣ್ಣತಮ್ಮಂದಿರ ಪಾಲಿನ ವಿವಾದಕ್ಕೆ ವಕೀಲರೂ ಮನೆತನದ ಹಿರಿಯರೂ ಬೇಕು. ವಾರಗಟ್ಟಲೆ ನಿದ್ರೆಯಿಲ್ಲದಿರುವುದು, ಕುಡಿತ ಹೆಚ್ಚಾಗಿರುವುದು, ಬದುಕೇ ಬೇಡವೆನ್ನಿಸುವುದು, ಇವು ವೈದ್ಯರ ಬಳಿ ಹೋಗಬೇಕಾದ ಸಂಗತಿಗಳು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಉಚಿತ ದೂರವಾಣಿ ಸೇವೆಯ ಸಂಖ್ಯೆ 14416. ಇವುಗಳಲ್ಲಿ ಯಾವುದನ್ನಾದರೂ ತಾನೇ ಬಗೆಹರಿಸುತ್ತೇನೆನ್ನುವ ಕೋಚ್ ತನ್ನ ವೃತ್ತಿಯ ಮಿತಿಯನ್ನು ಅರಿತವರಲ್ಲ.

ಶುಲ್ಕ ಭರಿಸಲಾಗದವರಿಗೆ

ಹಣದ ಅನುಕೂಲವಿಲ್ಲದವರು ನಿರಾಶರಾಗಬೇಕಿಲ್ಲ. ಬೇರೆ ಬೇರೆ ವ್ಯಾಪಾರದ, ಪರಸ್ಪರ ಪೈಪೋಟಿಯಿಲ್ಲದ ಇಬ್ಬರು ಸದಸ್ಯರು ಹದಿನೈದು ದಿನಗಳಿಗೊಮ್ಮೆ ಒಂದು ಗಂಟೆ ಕುಳಿತು ಈ ಕೆಲಸವನ್ನು ಆರಂಭಿಸಬಹುದು. ಅರ್ಧ ಗಂಟೆ ಒಬ್ಬರದು, ಅರ್ಧ ಗಂಟೆ ಇನ್ನೊಬ್ಬರದು. ಕೇಳುವವರು ಸಲಹೆ ಕೊಡಬಾರದು, ಪ್ರಶ್ನೆಗಳನ್ನಷ್ಟೇ ಕೇಳಬೇಕು. ಕಳೆದ ಸಲ ಒಪ್ಪಿಕೊಂಡ ಕೆಲಸ ಆಯಿತೇ ಎಂಬುದು ಮೊದಲ ಪ್ರಶ್ನೆಯಾಗಿರಬೇಕು. ಒಬ್ಬರ ಅಂಗಡಿಯ ನೌಕರರನ್ನು ಇನ್ನೊಬ್ಬರು ಮೂರು ತಿಂಗಳಿಗೊಮ್ಮೆ ಮಾತನಾಡಿಸುವ ಏರ್ಪಾಡನ್ನೂ ಮಾಡಿಕೊಂಡರೆ, ಮೇಲೆ ಹೇಳಿದ ಮೂರನೆಯ ಪಕ್ಷವೂ ಖರ್ಚಿಲ್ಲದೆ ದೊರೆತಂತಾಗುತ್ತದೆ.

ಶುಲ್ಕ ಕೊಟ್ಟು ಕೋಚ್ ನೇಮಿಸಿಕೊಳ್ಳುವವರಾಗಲಿ, ಹೀಗೆ ಪರಸ್ಪರ ನೆರವಾಗುವವರಾಗಲಿ, ಮೊದಲ ಸಭೆಗೆ ಮುನ್ನ ಒಂದು ಕಾಗದದ ಮೇಲೆ ಎರಡು ಸಂಗತಿಗಳನ್ನು ಬರೆದುಕೊಳ್ಳುವುದು ಒಳ್ಳೆಯದು: ನನ್ನಲ್ಲಿ ಬದಲಾಗಬೇಕಾದ ಒಂದು ಅಭ್ಯಾಸ ಯಾವುದು, ಮತ್ತು ಅದು ಬದಲಾಯಿತೆಂದು ಹೇಳಬಲ್ಲ ಐವರು ಯಾರು. ಎರಡನೆಯ ಪ್ರಶ್ನೆಗೆ ಐದು ಹೆಸರು ಹೊಳೆಯದಿದ್ದರೆ, ಕೋಚ್‌ನೊಡನೆ ಮೊದಲು ಚರ್ಚಿಸಬೇಕಾದ ವಿಷಯವೂ ಅದೇ ಆಗಿರುತ್ತದೆ.